ಬಂಗುಡೆಯೋ ಅಂಜಲೋ, ತವಾವೋ ರವೆಯೋ: ಕರಾವಳಿಯ ರಸ್ತೆಬದಿಯಲ್ಲಿ ಮೀನು ಫ್ರೈ ಆರಿಸುವ ಬಗೆ

ಮಲ್ಪೆ, ಪಣಂಬೂರು, ಮರವಂತೆ, ಕಾರವಾರ, ಎಲ್ಲಿಗೆ ಹೋದರೂ ಸಂಜೆಯ ಫ್ರೈ ಅಂಗಡಿಯ ನೋಟ ಹೆಚ್ಚುಕಡಿಮೆ ಒಂದೇ. ಸ್ಟೀಲ್ ತಟ್ಟೆಯಲ್ಲಿ ಕೆಂಪು ಮಸಾಲೆ ಮೆತ್ತಿಕೊಂಡು ಸಾಲಾಗಿ ಮಲಗಿದ ಮೀನು, ಪಕ್ಕದಲ್ಲಿ ಹೊಗೆಯಾಡುವ ಕಾವಲಿ, ಹೆಚ್ಚಿಟ್ಟ ನೀರುಳ್ಳಿ, ಲಿಂಬೆ ಹೋಳು. ಗಿರಾಕಿ ಕೇಳುವುದು "ಯಾವುದು ಫ್ರೆಶ್ ಇದೆ?" ಬರುವ ಉತ್ತರ "ಎಲ್ಲಾ ಫ್ರೆಶ್ಶೇ". ಸುಳ್ಳು ಅಂತಲ್ಲ, ಆದರೆ ಆ ಉತ್ತರದಿಂದ ಏನೂ ತಿಳಿಯುವುದಿಲ್ಲ. ಅದರ ಬದಲು "ಇವತ್ತು ದಕ್ಕೆಗೆ ಯಾವ ಮೀನು ಜಾಸ್ತಿ ಬಂತು?" ಅಂತ ಕೇಳಿ. ದಕ್ಕೆ ಅಂದರೆ ಬೋಟುಗಳು ಮೀನು ಇಳಿಸುವ ಜಾಗ. ಇದಕ್ಕೆ ಯಾರೂ ಸುಳ್ಳು ಹೇಳಬೇಕಾಗಿಲ್ಲ, ಹೇಳುವ ಹೆಸರು ಅಂದಿನ ಅಗ್ಗದ ಮೀನಿನದು, ಹೆಚ್ಚಿನ ದಿನ ಅದೇ ತಾಜಾ ಮೀನು ಕೂಡ.

ಆರಿಸುವಾಗ ಮೊದಲು ಮೀನು, ಆಮೇಲೆ ಕರಿಯುವ ಬಗೆ, ಕೊನೆಗೆ ಅಂಗಡಿ. ಘಟ್ಟದ ಮೇಲಿನಿಂದ ಬಂದವರು ಬಹಳಷ್ಟು ಮಂದಿ ಇದನ್ನು ತಿರುಗುಮುರುಗಾಗಿ ಮಾಡುತ್ತಾರೆ. ಬೋರ್ಡು ನೋಡಿ ಅಂಗಡಿ ಹೊಕ್ಕು, ಹೆಸರು ಕೇಳಿ ಗೊತ್ತಿದೆ ಎಂದು ಅಂಜಲ್ (ಕಿಂಗ್‌ಫಿಶ್) ಅಥವಾ ಪಾಂಪ್ಲೆಟ್ ಹೇಳುತ್ತಾರೆ. ರಸ್ತೆಬದಿಯಲ್ಲಿ ಕೊಟ್ಟ ಕಾಸಿಗೆ ಅತಿ ಕಡಿಮೆ ಸುಖ ಕೊಡುವುದು ಈ ಎರಡೇ.

ತಟ್ಟೆಯಲ್ಲಿರುವುದೋ, ಐಸಿನಲ್ಲಿರುವುದೋ

ಮಸಾಲೆ ಹಚ್ಚಿದ ಮೇಲೆ ಮೀನಿನ ವಯಸ್ಸು ಕಣ್ಣಿಗೆ ಕಾಣುವುದಿಲ್ಲ. ಕಣ್ಣು, ಕಿವಿರು, ಹೊಟ್ಟೆ ಎಲ್ಲವೂ ಮೆಣಸಿನ ಅಡಿಯಲ್ಲಿ ಮುಚ್ಚಿಹೋಗಿರುತ್ತವೆ. ಹಾಗಾಗಿ ಎರಡು ಬಗೆಯ ಅಂಗಡಿಗಳ ನಡುವೆ ಆಯ್ಕೆಯಿದ್ದರೆ, ಹಸಿ ಮೀನನ್ನು ಥರ್ಮೋಕೋಲ್ ಪೆಟ್ಟಿಗೆಯ ಐಸಿನಲ್ಲಿಟ್ಟು, ಹೇಳಿದ ಮೇಲೆ ಮಸಾಲೆ ಹಚ್ಚುವ ಅಂಗಡಿಯೇ ಮೇಲು. ಅಲ್ಲಿ ಹತ್ತಿಪ್ಪತ್ತು ನಿಮಿಷ ಕಾಯಬೇಕಾಗುತ್ತದೆ. ಮೀನಿಗೆ ಮಸಾಲೆ ಹಿಡಿಯಲು ಅಷ್ಟೇ ಸಾಕು, ಕೋಳಿಯ ಹಾಗೆ ರಾತ್ರಿಯಿಡೀ ಕೂರಿಸಬೇಕಾಗಿಲ್ಲ. ಉಪ್ಪು ಹುಳಿಯಲ್ಲಿ ಐದಾರು ಗಂಟೆ ಕೂತ ಮೀನು ನೀರು ಬಿಡುತ್ತದೆ, ಮಾಂಸ ಹಿಟ್ಟಿನ ಹಾಗೆ ಮೆತ್ತಗಾಗುತ್ತದೆ, ಕಾವಲಿಗೆ ಹಾಕಿದರೆ ಹುರಿಯುವ ಬದಲು ಬೇಯುತ್ತದೆ.

ಹಚ್ಚಿಟ್ಟ ತಟ್ಟೆಯ ಅಂಗಡಿ ಮಾತ್ರ ಇದ್ದರೆ ತಟ್ಟೆಯ ತಳ ನೋಡಿ. ಮಸಾಲೆ ಮೀನಿಗೆ ಅಂಟಿಕೊಂಡು ದಪ್ಪವಾಗಿದ್ದರೆ ಸರಿ. ತಳದಲ್ಲಿ ಕೆಂಪು ನೀರು ನಿಂತಿದ್ದರೆ ಮೀನು ಬಹಳ ಹೊತ್ತಿನಿಂದ ಕೂತಿದೆ ಅಥವಾ ಫ್ರೀಜರಿನಿಂದ ಬಂದು ಕರಗುತ್ತಿದೆ. ತಟ್ಟೆ ಐಸಿನ ಮೇಲೆ ಇಲ್ಲದೆ ಬರಿದೇ ಮೇಜಿನ ಮೇಲಿದ್ದರೆ, ಕರಾವಳಿಯ ಸೆಕೆಯಲ್ಲಿ ಅದಕ್ಕೆ ಒಂದೆರಡು ಗಂಟೆಗಿಂತ ಹೆಚ್ಚು ಬಾಳಿಕೆಯಿಲ್ಲ.

ಬಣ್ಣದ ಬಗ್ಗೆಯೂ ಒಂದು ಮಾತು. ಬ್ಯಾಡಗಿ ಮೆಣಸು ಅರೆದ ಮಸಾಲೆ ಕಾವಲಿಯ ಮೇಲೆ ಕಡು ಕೆಂಪಿನಿಂದ ಕಂದಿಗೆ ತಿರುಗುತ್ತದೆ. ಎಷ್ಟು ಕರಿದರೂ ಕಿತ್ತಳೆ ಕೆಂಪಾಗಿಯೇ ಹೊಳೆಯುತ್ತ, ಬೆರಳಿಗೆ ಹತ್ತಿದ ಬಣ್ಣ ಸೋಪಿಗೂ ಬಿಡದಿದ್ದರೆ ಅದು ಡಬ್ಬಿಯ ಬಣ್ಣ. ಕಬಾಬ್, ಮೀನಿನ ಖಾದ್ಯಗಳಿಗೆ ಕೃತಕ ಬಣ್ಣ ಹಾಕುವುದನ್ನು ಕರ್ನಾಟಕ ಸರ್ಕಾರ 2024ರ ಜೂನ್‌ನಲ್ಲೇ ನಿಷೇಧಿಸಿದೆ. ಹಾಗಂತ ಎಲ್ಲ ಕಾವಲಿಗಳಿಂದ ಅದು ಹೋಗಿಲ್ಲ.

ಮೀನು ಮೀನಿಗೆ ಹೋಲಿಸಿದರೆ

ಬಂಗುಡೆಯಿಂದ ಶುರುಮಾಡುವುದು ನ್ಯಾಯ. ರಸ್ತೆಬದಿಯಲ್ಲಿ ಏನು ತಿನ್ನಲಿ ಎಂದು ಕೇಳಿದರೆ ಹತ್ತರಲ್ಲಿ ಏಳು ಸಲ ಇದೇ ಉತ್ತರ. ಕಾರಣ ರುಚಿಯೊಂದೇ ಅಲ್ಲ. ಬಂಗುಡೆ, ಬೂತಾಯಿ (ಸಾರ್ಡಿನ್) ಮೀನುಗಳನ್ನು ಸುತ್ತುಬಲೆ ಬೀಸಿ ಹಿಡಿಯುವ ಪರ್ಸಿನ್ ಬೋಟುಗಳು ಸಾಮಾನ್ಯವಾಗಿ ಹೋದ ದಿನವೇ ದಡಕ್ಕೆ ಬರುತ್ತವೆ. ಆಳಸಮುದ್ರದ ಟ್ರಾಲ್ ಬೋಟುಗಳು ವಾರಕ್ಕೂ ಮೀರಿ ಕಡಲಲ್ಲಿ ಉಳಿಯುತ್ತವೆ. ಅವು ತರುವ ಮೀನು ಐಸಿನಲ್ಲಿ ಚೆನ್ನಾಗಿಯೇ ಇದ್ದರೂ ಮೊದಲ ದಿನ ಹಿಡಿದದ್ದು ದಕ್ಕೆ ಮುಟ್ಟುವಾಗ ಎಂಟು ದಿನ ಹಳತಾಗಿರಬಹುದು. ಅಗ್ಗದ ಮೀನು ದುಬಾರಿ ಮೀನಿಗಿಂತ ತಾಜಾ ಇರುವ ವಿಚಿತ್ರ ಇದರಿಂದ.

ತಾಜಾ ಬಂಗುಡೆಯ ಬೆನ್ನು ಹಸಿರು ನೀಲಿಯಾಗಿ ಹೊಳೆಯುತ್ತದೆ, ಮೇಲಿನ ಕಪ್ಪು ಗೆರೆಗಳು ಬಿಡಿಬಿಡಿಯಾಗಿ ಕಾಣುತ್ತವೆ. ತಲೆ ಹಿಡಿದು ಅಡ್ಡ ಎತ್ತಿದರೆ ಬಾಲ ಜೋಲುವುದಿಲ್ಲ. ಕಣ್ಣು ಉಬ್ಬಿ ತಿಳಿಯಾಗಿರುತ್ತದೆ, ಕಿವಿರು ರಕ್ತಗೆಂಪು. ಮೊದಲು ಕೆಡುವುದು ಹೊಟ್ಟೆ: ಬೆರಳಲ್ಲಿ ಒತ್ತಿದರೆ ಕುಳಿ ಹಾಗೇ ಉಳಿದರೆ, ಅಥವಾ ಹೊಟ್ಟೆ ಒಡೆದು ಕರುಳು ಇಣುಕಿದ್ದರೆ ಬಿಟ್ಟುಬಿಡಿ. ಕಿಲೋಗೆ ಆರರಿಂದ ಎಂಟು ತೂಗುವ ಮಧ್ಯಮ ಗಾತ್ರದ ಬಂಗುಡೆ ಫ್ರೈಗೆ ಹೇಳಿ ಮಾಡಿಸಿದ್ದು. ಅದಕ್ಕಿಂತ ದೊಡ್ಡದಾದರೆ ನಡುಮುಳ್ಳಿನ ಬಳಿ ಹಸಿ ಉಳಿಯುತ್ತದೆ. ಎರಡೂ ಬದಿಗೆ ಮೂರು ಮೂರು ಗೀರು, ಮುಳ್ಳು ಮುಟ್ಟುವಷ್ಟು ಆಳಕ್ಕೆ ಹಾಕಿರಬೇಕು. ಗೀರು ಹಾಕದೆ ಮಸಾಲೆ ಬಳಿದರೆ ಮೇಲೆ ಖಾರ, ಒಳಗೆ ಸಪ್ಪೆ.

ಬಂಗುಡೆ ತಿಂದು ಅರ್ಧ ಗಂಟೆಯಲ್ಲಿ ಮುಖ ಕೆಂಪಾಗಿ, ಮೈ ತುರಿಸಿ, ತಲೆನೋವು ಬಂದರೆ "ನನಗೆ ಮೀನು ಆಗುವುದಿಲ್ಲ" ಎಂದುಕೊಳ್ಳುವವರು ಬಹಳ. ಎಷ್ಟೋ ಸಲ ಅದು ಅಲರ್ಜಿಯೇ ಅಲ್ಲ. ಬಂಗುಡೆ, ಬೂತಾಯಿ, ಕೇದರ (ಟ್ಯೂನಾ) ಇಂಥ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಹೆಚ್ಚು. ತಣ್ಣಗೆ ಇಡದಿದ್ದರೆ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಆಗಿ ಮಾರ್ಪಡಿಸುತ್ತವೆ. ಒಮ್ಮೆ ಹಿಸ್ಟಮಿನ್ ಹುಟ್ಟಿತೆಂದರೆ ಎಷ್ಟು ಕರಿದರೂ ಹೋಗುವುದಿಲ್ಲ. ಮೊದಲ ತುತ್ತಿಗೇ ನಾಲಿಗೆಯ ತುದಿ ಕಾಳುಮೆಣಸು ಕಡಿದಂತೆ ಚುರುಗುಟ್ಟಿದರೆ, ಅದು ಮಸಾಲೆಯ ಖಾರದಂತಿಲ್ಲ ಅನಿಸಿದರೆ, ತಟ್ಟೆ ಪಕ್ಕಕ್ಕಿಡಿ. ಉಸಿರಾಟಕ್ಕೆ ತೊಂದರೆಯಾದರೆ ಯಾವ ಕಾರಣವೆಂದು ಯೋಚಿಸುತ್ತ ಕೂರದೆ ಆಸ್ಪತ್ರೆಗೆ ಹೋಗಬೇಕು.

ಅಂಜಲ್, ಕಾರವಾರದ ಕಡೆ ಇಸ್ವಾಣ, ತುಂಡಾಗಿಯೇ ಬರುತ್ತದೆ. ಅದೇ ಅದರ ಗುಣ, ಅದೇ ದೋಷ. ನಡುವೆ ಒಂದೇ ಮುಳ್ಳು, ಆದ್ದರಿಂದ ಮಕ್ಕಳಿಗೆ, ಹೊಸಬರಿಗೆ ನಿರಾಳ. ಆದರೆ ತುಂಡು ನೋಡಿ ಮೀನಿನ ವಯಸ್ಸು ಹೇಳುವುದು ಕಷ್ಟ, ಬೇರೆ ಮೀನಿನ ತುಂಡನ್ನು ಅಂಜಲ್ ಎಂದು ದಾಟಿಸುವುದೂ ಸುಲಭ. ಹಸಿ ತುಂಡು ಸಿಕ್ಕರೆ ನೋಡಿ: ಮಾಂಸ ತುಸು ಪಾರದರ್ಶಕವಾಗಿ, ನಡುವಿನ ರಕ್ತದ ಗೆರೆ ಕೆಂಪಾಗಿರಬೇಕು. ಗೆರೆ ಕಂದಾಗಿ, ಮಾಂಸದ ಪದರಗಳ ನಡುವೆ ಬಿರುಕು ಬಿಟ್ಟಿದ್ದರೆ ಹಳತು. ಇಡೀ ತುಂಡೇ ಕಡುಗೆಂಪಾಗಿದ್ದರೆ ಅದು ಕೇದರ. ಕರಿದರೆ ಬೂದು ಬಣ್ಣಕ್ಕೆ ತಿರುಗಿ ಒಣಗುತ್ತದೆ.

ತುಂಡಿನ ದಪ್ಪ ಒಂದರಿಂದ ಒಂದೂವರೆ ಸೆಂಟಿಮೀಟರ್ ಇರಲಿ. ಎರಡು ದಾಟಿದರೆ ಒಳಗೆ ಬೇಯುವಷ್ಟರಲ್ಲಿ ಹೊರಗಿನ ಮಸಾಲೆ ಕರಟಿ ಕಹಿಯಾಗುತ್ತದೆ, ಒಂದಕ್ಕಿಂತ ತೆಳ್ಳಗಾದರೆ ಒಣಕಲು. ಅಂಜಲಿನಲ್ಲಿ ಬಂಗುಡೆಯಷ್ಟು ಕೊಬ್ಬಿಲ್ಲ. ಎರಡು ನಿಮಿಷ ಹೆಚ್ಚಾದರೂ ಕ್ಷಮಿಸುವುದಿಲ್ಲ. ಒಂದೇ ಕಾವಲಿಯಲ್ಲಿ ಹತ್ತು ಬಗೆಯ ಮೀನು ತಿರುವುತ್ತಿರುವ ಅಂಗಡಿಯಲ್ಲಿ ಆ ಎರಡು ನಿಮಿಷವನ್ನು ಯಾರು ಲೆಕ್ಕ ಇಡುತ್ತಾರೆ? ಅಂಜಲ್ ತಿನ್ನಲೇಬೇಕೆಂದಿದ್ದರೆ ಒಳ್ಳೆಯ ಊಟದ ಹೋಟೆಲಿನಲ್ಲಿ ಮಧ್ಯಾಹ್ನ ತಿನ್ನಿ.

ಪಾಂಪ್ಲೆಟ್ಟಿಗೆ ತುಳುವಿನಲ್ಲಿ ಮಾಂಜಿ. ಬಿಳಿಯದು ದುಬಾರಿ, ಅದರ ಮಾಂಸ ಸೌಮ್ಯ. ಆ ಸೌಮ್ಯ ಮೀನಿಗೆ ರಸ್ತೆಬದಿಯ ಖಾರದ ಲೇಪ ಬಳಿದರೆ ತಿಂದದ್ದು ಮಸಾಲೆಯೋ ಮೀನೋ ತಿಳಿಯುವುದಿಲ್ಲ. ಕಪ್ಪು ಮಾಂಜಿ ನಿಜಕ್ಕೂ ಬೇರೆ ಕುಲದ ಮೀನು, ಆದರೆ ಮಾಂಸ ದಪ್ಪ, ಮಸಾಲೆಗೆ ತಡೆದುಕೊಳ್ಳುತ್ತದೆ, ಬೆಲೆಯೂ ಕಡಿಮೆ. ತವಾ ಫ್ರೈಗೆ ಕಪ್ಪೇ ಸರಿ. ಬೆಂಗಳೂರು, ಮೈಸೂರಿನ ರಸ್ತೆಬದಿಯಲ್ಲಿ ಪಾಂಪ್ಲೆಟ್ ಬಹಳ ಅಗ್ಗವಾಗಿ ಸಿಕ್ಕರೆ ಅದು ಕೆರೆಯಲ್ಲಿ ಸಾಕಿದ ರೂಪ್‌ಚಂದ್ ಇರಬಹುದು. ಬಾಯಿ ತೆರೆದು ನೋಡಿ: ರೂಪ್‌ಚಂದ್‌ಗೆ ಮನುಷ್ಯರ ಹಲ್ಲಿನಂಥ ಚಪ್ಪಟೆ ಹಲ್ಲುಗಳಿವೆ, ಹೊಟ್ಟೆಯ ಭಾಗ ಕೆಂಪಗಿರುತ್ತದೆ. ತಿನ್ನಲು ಅಡ್ಡಿಯಿಲ್ಲ, ಪಾಂಪ್ಲೆಟ್ಟಿನ ಬೆಲೆ ಕೊಡಬೇಕಾಗಿಲ್ಲ ಅಷ್ಟೆ.

ಕಾಣೆ (ಲೇಡಿಫಿಶ್) ಬೇರೆಯದೇ ಲೋಕ. ಸಪೂರ ಉದ್ದ ಮೀನು, ಬಿಳಿ ಮಾಂಸ, ನಡುಮುಳ್ಳು ಹಿಡಿದೆಳೆದರೆ ಎರಡೂ ಬದಿ ಬಿಡಿಸಿಕೊಂಡು ಬರುತ್ತದೆ. ಅಳಿವೆಯ ಆಸುಪಾಸಿನ ಬಲೆಗೆ ಸಿಗುವ ಮೀನಾದ್ದರಿಂದ ದಕ್ಕೆಗೆ ಬೇಗ ಬರುತ್ತದೆ. ಬೆಲೆ ಹೆಚ್ಚು, ಆದರೆ ಈ ಬೆಲೆಗೆ ಅರ್ಥವಿದೆ. ರವೆಯಲ್ಲಿ ಹೊರಳಿಸಿ ಕರಿದ ಕಾಣೆಯ ಮುಂದೆ ಅಂಜಲ್ ನಿಲ್ಲುವುದಿಲ್ಲ ಎನ್ನುವುದು ನಮ್ಮ ಪಕ್ಷಪಾತ. ತಪ್ಪುವುದು ಎಲ್ಲಿ ಎಂದರೆ ಅವಸರದಲ್ಲಿ ಮಗುಚುವಾಗ. ಮಾಂಸ ಮೃದು, ಕೆಳಬದಿ ಗಟ್ಟಿಯಾಗುವ ಮೊದಲೇ ಸಟ್ಟುಗ ಹಾಕಿದರೆ ನಡುವೆ ಮುರಿಯುತ್ತದೆ. ಮುರಿದ ಕಾಣೆ ತಟ್ಟೆಗೆ ಬಂದರೆ ಅವಸರದಲ್ಲಿ ಮಗುಚಿದ್ದಾರೆ ಎಂದೇ ಅರ್ಥ.

ಬೂತಾಯಿ, ಕುಂದಾಪುರದ ಕಡೆ ಬೈಗೆ, ಬಡವರ ಮೀನೆಂದು ಹೆಸರಾದದ್ದು. ಕೊಬ್ಬು ಹೆಚ್ಚಿರುವ ಕಾಲದಲ್ಲಿ ಅದರಷ್ಟು ರುಚಿ ಯಾವುದಕ್ಕೂ ಇಲ್ಲ, ಆದರೆ ಆ ಕೊಬ್ಬೇ ಅದನ್ನು ಬೇಗ ಕೆಡಿಸುತ್ತದೆ. ಬೆಳಿಗ್ಗೆ ಬಂದದ್ದನ್ನು ಮಧ್ಯಾಹ್ನದೊಳಗೆ ತಿನ್ನಬೇಕು. ಸಂಜೆ ಏಳರ ಅಂಗಡಿಯಲ್ಲಿ ಐಸಿಲ್ಲದ ಬೂತಾಯಿ ಕಂಡರೆ ಮುಂದೆ ನಡೆಯಿರಿ. ಮುಳ್ಳು ಹೆಚ್ಚು, ಬೆರಳುದ್ದದ ಬೂತಾಯಿಯಾದರೆ ಗರಿಗರಿ ಕರಿದು ಮುಳ್ಳುಸಮೇತ ಅಗಿಯಬಹುದು, ದೊಡ್ಡದಾದರೆ ಪುಳಿಮುಂಚಿಗೆ, ಅಂದರೆ ಹುಳಿಖಾರದ ಸಾರಿಗೆ ಬಿಡಿ.

ಸಿಗಡಿಯಲ್ಲಿ ನೋಡಬೇಕಾದದ್ದು ತಲೆ. ತಲೆ ಕಪ್ಪಾಗಿ, ಕತ್ತು ಸಡಿಲವಾಗಿದ್ದರೆ ಹಳತು. ತಲೆ ತೆಗೆದ, ಸಿಪ್ಪೆ ಸುಲಿದ ಸಿಗಡಿಯಲ್ಲಿ ಈ ಗುರುತು ಸಿಗುವುದಿಲ್ಲ, ಆಗ ಮೂಗೇ ಗತಿ: ಅಮೋನಿಯಾದ ಘಾಟು ಬಂದರೆ ಬೇಡ. ಬೆಂದ ಸಿಗಡಿ ಅರ್ಧಚಂದ್ರದಷ್ಟು ಬಾಗಿರಬೇಕು. ಬಾಲ ತಲೆಗೆ ತಾಗುವಷ್ಟು ಸುರುಳಿ ಸುತ್ತಿಕೊಂಡಿದ್ದರೆ ಹೆಚ್ಚು ಕರಿದಿದ್ದಾರೆ, ಅಗಿಯುವುದೇ ಕೆಲಸ. ಬೆನ್ನಿನ ಕಪ್ಪು ನಾರು ತೆಗೆದಿದ್ದಾರೆಯೇ ಎಂದು ಒಂದನ್ನು ಮುರಿದು ನೋಡಿ, ಇಲ್ಲದಿದ್ದರೆ ಹಲ್ಲಿಗೆ ಮರಳು ಸಿಗುತ್ತದೆ.

ಬೊಂಡಾಸ್ ಅಂದರೆ ಸ್ಕ್ವಿಡ್. ಅದರ ಪ್ರಶ್ನೆ ಒಂದೇ: "ಬೇಯಿಸಿಟ್ಟದ್ದಾ, ಹಸಿಯಾ?" ಹಸಿ ಉಂಗುರಗಳನ್ನು ಜೋರು ಬಿಸಿ ಎಣ್ಣೆಯಲ್ಲಿ ಒಂದೂವರೆ ಎರಡು ನಿಮಿಷ ಕರಿದರೆ ಮೃದು. ಅದು ದಾಟಿದರೆ ರಬ್ಬರ್, ಮತ್ತೆ ಮೆತ್ತಗಾಗಬೇಕಾದರೆ ಅರ್ಧ ಗಂಟೆಗೂ ಹೆಚ್ಚು ಸಣ್ಣಗೆ ಬೇಯಬೇಕು. ಮೊದಲೇ ಸ್ವಲ್ಪ ಬೇಯಿಸಿಟ್ಟು ಮತ್ತೆ ಕರಿಯುವವರ ಬೊಂಡಾಸ್ ಯಾವಾಗಲೂ ನಡುವಿನ ರಬ್ಬರ್ ಹಂತದಲ್ಲೇ ಇರುತ್ತದೆ.

ಏಡಿ, ಮತ್ತೆ ಮರುವಾಯಿ, ನೀಲಿಕಲ್ಲು ಎಂಬ ಚಿಪ್ಪುಮೀನುಗಳು ರಸ್ತೆಬದಿಯ ಕಾವಲಿಗೆ ಸೇರಿದವಲ್ಲ. ಸುಕ್ಕ, ಗಸಿಗೆ ಒಳ್ಳೆಯದು. ಕಾರವಾರದಲ್ಲಿ ರವೆ ಹಚ್ಚಿದ ನೀಲಿಕಲ್ಲು ಸಿಕ್ಕರೆ ಮಾತ್ರ ಬಿಡಬೇಡಿ.

ತವಾ, ರವೆ, ಎಣ್ಣೆಯಲ್ಲಿ ಮುಳುಗಿಸಿದ್ದು

ಮಂಗಳೂರು, ಉಡುಪಿ ಕಡೆಯ ತವಾ ಫ್ರೈಗೆ ಜೀವ ಅರೆದ ಮಸಾಲೆ. ಒಂದು ಕಿಲೋ ಮೀನಿಗೆ ಹದಿನೈದಿಪ್ಪತ್ತು ಬ್ಯಾಡಗಿ ಮೆಣಸು, ಎಂಟು ಹತ್ತು ಎಸಳು ಬೆಳ್ಳುಳ್ಳಿ, ಒಂದಿಂಚು ಶುಂಠಿ, ನೆಲ್ಲಿಕಾಯಿ ಗಾತ್ರದ ಹುಣಸೆಹುಳಿ, ಒಂದೊಂದು ಚಮಚ ಜೀರಿಗೆ ಮತ್ತು ಕಾಳುಮೆಣಸು, ಅರ್ಧ ಚಮಚ ಅರಿಶಿನ, ಉಪ್ಪು. ನೀರು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಇದನ್ನು ಬಳಿದ ಮೀನನ್ನು ತೆಂಗಿನೆಣ್ಣೆ ಹಾಕಿದ ಕಬ್ಬಿಣದ ಕಾವಲಿಯಲ್ಲಿ ಮಧ್ಯಮ ಉರಿಯಲ್ಲಿ, ಬಂಗುಡೆಯಾದರೆ ಬದಿಗೆ ನಾಲ್ಕೈದು ನಿಮಿಷ, ಕರಿಬೇವು ಉದುರಿಸಿ ಹುರಿಯುತ್ತಾರೆ. ಮಸಾಲೆಯ ಹಸಿವಾಸನೆ ಹೋಗಿ ಮೀನಿಗೆ ಅಂಟಿ ಕೂರಬೇಕು. ಕೊಬ್ಬಿನ ಮೀನುಗಳಿಗೆ, ಅಂದರೆ ಬಂಗುಡೆ, ಬೂತಾಯಿ, ಕಪ್ಪು ಮಾಂಜಿಗೆ ಇದು ಒಪ್ಪುತ್ತದೆ. ಹುಳಿಖಾರ ಆ ಕೊಬ್ಬನ್ನು ಕಡಿಯುತ್ತದೆ.

ಕೆಟ್ಟ ತವಾ ಫ್ರೈ ಎರಡು ಬಗೆಯಲ್ಲಿ ಕೆಡುತ್ತದೆ. ಉರಿ ಜೋರಾದರೆ ಮೆಣಸು ಕರಟಿ ಕಹಿ, ಒಳಗೆ ಮುಳ್ಳಿನ ಪಕ್ಕ ಗುಲಾಬಿ. ಕಾವಲಿ ತುಂಬ ಮೀನು ಒತ್ತಿಟ್ಟರೆ ಬಿಸಿ ಇಳಿದು ಮೀನು ನೀರು ಬಿಡುತ್ತದೆ, ಮಸಾಲೆ ಕಳಚಿ ಎಣ್ಣೆಯಲ್ಲಿ ತೇಲುತ್ತದೆ. ಭಾನುವಾರ ಸಂಜೆಯ ನೂಕುನುಗ್ಗಲಿನಲ್ಲಿ ಆಗುವುದು ಈ ಎರಡನೆಯದೇ. ಜನ ಹೆಚ್ಚಿರುವ ಅಂಗಡಿ ಒಳ್ಳೆಯದು ಎಂಬ ಮಾತು ಮೀನು ಬೇಗ ಖಾಲಿಯಾಗುತ್ತದೆ ಎಂಬಷ್ಟಕ್ಕೆ ನಿಜ, ಹುರಿಯುವ ಹದಕ್ಕೆ ಅಲ್ಲ. ವಾರದ ನಡುವಿನ ಸಂಜೆ ಐದೂವರೆ ಆರರ ಹೊತ್ತು ಎರಡಕ್ಕೂ ಒದಗುತ್ತದೆ.

ರವಾ ಫ್ರೈ ಕಾರವಾರ, ಅಂಕೋಲಾ ಕಡೆಯ ಪಳಗಿದ ಕೈಯ ಕೆಲಸ, ಈಗ ಎಲ್ಲ ಕಡೆಯೂ ಉಂಟು. ಅಲ್ಲಿ ಮಸಾಲೆ ತೆಳು: ಉಪ್ಪು, ಅರಿಶಿನ, ಮೆಣಸಿನ ಪುಡಿ, ಹುಳಿಗೆ ಲಿಂಬೆ ಅಥವಾ ಕೋಕಂ ನೀರು. ಮೇಲೆ ಸಣ್ಣ ರವೆ. ಮೂರು ಪಾಲು ರವೆಗೆ ಒಂದು ಪಾಲು ಅಕ್ಕಿಹಿಟ್ಟು ಬೆರೆಸಿದರೆ ಗರಿ ಹೆಚ್ಚು ಹೊತ್ತು ನಿಲ್ಲುತ್ತದೆ. ರವೆಯ ಗೋಡೆ ಮೀನಿನ ನೀರನ್ನು ಒಳಗೇ ಹಿಡಿದಿಡುವುದರಿಂದ ಸೌಮ್ಯ ಮಾಂಸದ ಕಾಣೆ, ನಂಗು (ಸೋಲ್ ಮೀನು), ಸಿಗಡಿ, ಬಿಳಿ ಮಾಂಜಿಗೆ ಇದೇ ಸರಿ. ರವೆ ಉದುರುತ್ತಿದ್ದರೆ ಮೀನಿನ ಮೈ ಒದ್ದೆಯಾಗಿತ್ತು, ಅಥವಾ ರವೆ ಹಚ್ಚಿ ಬಹಳ ಹೊತ್ತಾಗಿ ಅದು ನೀರು ಕುಡಿದಿದೆ. ಒಳ್ಳೆಯ ಅಂಗಡಿಯಲ್ಲಿ ರವೆಯ ತಟ್ಟೆ ಕಾವಲಿಯ ಪಕ್ಕದಲ್ಲೇ ಇರುತ್ತದೆ, ಹೊರಳಿಸಿ ನೇರ ಎಣ್ಣೆಗೆ ಬಿಡುತ್ತಾರೆ.

ಮೂರನೆಯದು ಬಾಣಲೆಯ ಎಣ್ಣೆಯಲ್ಲಿ ಮುಳುಗಿಸಿ ಕರಿದದ್ದು. ಕಾರ್ನ್‌ಫ್ಲೋರ್, ಮೊಟ್ಟೆ, ಕಬಾಬ್ ಪುಡಿ ಕಲಸಿದ ಲೇಪ. ಬೀಚಿನ ಅಂಗಡಿಗಳಲ್ಲಿ ಬೊಂಡಾಸ್, ಸಿಗಡಿ, ಸಣ್ಣ ಮೀನಿಗೆ ಇದೇ ನಡೆಯುತ್ತದೆ. ಆ ಮೂರಕ್ಕೆ ತಪ್ಪೇನಿಲ್ಲ. ಇಡೀ ಬಂಗುಡೆಯನ್ನು ಹೀಗೆ ಕರಿದರೆ ಮಾತ್ರ ಅದಕ್ಕೂ ಕೋಳಿ ಕಬಾಬಿಗೂ ವ್ಯತ್ಯಾಸ ಉಳಿಯುವುದಿಲ್ಲ.

ಬಾಣಲೆಯ ಅಂಗಡಿಯಲ್ಲಿ ಮೀನಿಗಿಂತ ಮೊದಲು ಎಣ್ಣೆ ನೋಡಬೇಕು. ಮೀನು ಕರಿದ ಎಣ್ಣೆ ತರಕಾರಿ ಕರಿದ ಎಣ್ಣೆಗಿಂತ ಬೇಗ ಕೆಡುತ್ತದೆ, ಉದುರಿದ ರವೆ, ಮಸಾಲೆಯ ಚೂರು ತಳದಲ್ಲಿ ಸುಟ್ಟು ಅದನ್ನು ಇನ್ನಷ್ಟು ಕೆಡಿಸುತ್ತದೆ. ಕಷಾಯದಂತೆ ಕಪ್ಪಾಗಿ, ಬಿಸಿಯಾಗುವ ಮೊದಲೇ ಹೊಗೆಯಾಡಿ, ಮೀನು ಹಾಕಿದಾಗ ಎದ್ದ ಸಣ್ಣ ನೊರೆ ಇಳಿಯದೆ ನಿಂತರೆ ಆ ಎಣ್ಣೆಯ ಆಯುಸ್ಸು ಮುಗಿದಿದೆ. 2018ರ ಜುಲೈ 1ರಿಂದ ಜಾರಿಯಲ್ಲಿರುವ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಿಯಮದ ಪ್ರಕಾರ ಒಟ್ಟು ಪೋಲಾರ್ ಸಂಯುಕ್ತಗಳು, ಅಂದರೆ ಎಣ್ಣೆ ಮತ್ತೆ ಮತ್ತೆ ಕಾದಾಗ ಹುಟ್ಟುವ ಕೆಟ್ಟ ಅಂಶಗಳು, ಶೇ. 25 ದಾಟಿದ ಎಣ್ಣೆಯಲ್ಲಿ ಕರಿಯುವಂತಿಲ್ಲ. ಅದನ್ನು ಅಳೆಯುವ ಉಪಕರಣ ಗಿರಾಕಿಯ ಕೈಯಲ್ಲಿರುವುದಿಲ್ಲ, ನೊರೆ ಮತ್ತು ಹೊಗೆ ಕಣ್ಣಿಗೇ ಕಾಣುತ್ತವೆ. ಎಣ್ಣೆಯ ಬಿಸಿ 170ರಿಂದ 180 ಡಿಗ್ರಿ ಸೆಲ್ಸಿಯಸ್ ಇರಬೇಕು. ಒಂದು ಚಿಟಿಕೆ ರವೆ ಹಾಕಿದರೆ ತಳಕ್ಕೆ ಹೋಗದೆ ಚುಂಯ್‌ಗುಟ್ಟಿ ಮೇಲೆ ಬರುವುದು ಈ ಹದದಲ್ಲಿ. ತಣ್ಣಗಿನ ಎಣ್ಣೆಗೆ ಬಿದ್ದ ಮೀನು ಎಣ್ಣೆ ಹೀರುತ್ತದೆ, ಕಾಗದದ ತಟ್ಟೆಯ ಅಡಿ ಒದ್ದೆಯಾಗುತ್ತದೆ.

ಯಾವ ತಿಂಗಳು

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ. ನಾಡದೋಣಿಗಳು ಮಾತ್ರ ಕಡಲು ಬಿಟ್ಟುಕೊಟ್ಟ ದಿನ ಇಳಿಯುತ್ತವೆ. ಹಾಗಿದ್ದರೂ ಜುಲೈಯಲ್ಲಿ ರಸ್ತೆಬದಿಯಲ್ಲಿ ಅಂಜಲ್ ಫ್ರೈ ಸಿಗುತ್ತದೆ. ಅದು ಎಲ್ಲಿಯದು? ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಅಲ್ಲಿನ ಬೋಟುಗಳು ಜೂನ್ ಮಧ್ಯದಲ್ಲಿ ಕಡಲಿಗಿಳಿದ ಮೇಲೆ ಆ ಕಡೆಯ ಮೀನು ಲಾರಿಯಲ್ಲಿ ಬರುತ್ತದೆ, ಉಳಿದದ್ದು ಕೋಲ್ಡ್ ಸ್ಟೋರೇಜಿನದು. ಮಳೆಗಾಲದಲ್ಲಿ ಕರಾವಳಿಗೆ ಬಂದವರು ದೊಡ್ಡ ಮೀನಿನ ಆಸೆ ಬಿಟ್ಟು ಹೊಳೆ, ಅಳಿವೆಯ ಮೀನು ಕೇಳುವುದು ಲೇಸು. ಕಾಣೆ, ಏಡಿ, ನಾಡದೋಣಿಗೆ ಸಿಕ್ಕ ಸಿಗಡಿ. ಪ್ರಮಾಣ ಕಡಿಮೆ, ರೇಟು ಜಾಸ್ತಿ, ಆದರೆ ಮೀನು ಆ ದಿನದ್ದೇ.

ಆಗಸ್ಟಿನಲ್ಲಿ ಬೋಟುಗಳು ಹೊರಟ ಮೇಲೆ ಸೆಪ್ಟೆಂಬರಿನಿಂದ ಹೊಸ ವರ್ಷದವರೆಗೆ ಬಂಗುಡೆ, ಬೂತಾಯಿಯ ಒಳ್ಳೆಯ ಕಾಲ. ಹೆಚ್ಚು ಬಂದ ದಿನ ಬಂಗುಡೆಯ ರೇಟು ಅರ್ಧಕ್ಕಿಳಿಯುವುದೂ ಉಂಟು. ಏಪ್ರಿಲ್, ಮೇಯಲ್ಲಿ ಬೋಟುಗಳು ದೂರ ಹೋಗಿ ಕಡಿಮೆ ಮೀನು ತರುತ್ತವೆ, ಪ್ರವಾಸಿಗರು ಮಾತ್ರ ಜಾಸ್ತಿ. ಶಾಲೆಗೆ ರಜೆ ಕೊಟ್ಟಾಗ ಬೀಚಿನ ಫ್ರೈ ದುಬಾರಿಯಾಗಿಯೂ ಹಳತಾಗಿಯೂ ಇರುವುದಕ್ಕೆ ಇದೇ ಕಾರಣ.

ರೇಟು, ಅಳತೆ, ಆರ್ಡರ್

ಬೋರ್ಡಿನಲ್ಲಿ ಬೆಲೆಯ ಜಾಗದಲ್ಲಿ "ಸೈಜ್ ನೋಡಿ" ಅಥವಾ "ಎ.ಪಿ.ಎಸ್." (ಆ್ಯಸ್ ಪರ್ ಸೈಜ್) ಎಂದಿದ್ದರೆ ಕಾವಲಿಗೆ ಹಾಕುವ ಮೊದಲೇ ಮೀನು ತೋರಿಸಿ ರೇಟು ಕೇಳಿ. ಹುರಿದು ತಟ್ಟೆಗೆ ಬಂದ ಮೇಲೆ ಚೌಕಾಸಿಗೆ ಅರ್ಥವಿಲ್ಲ. ಬಂಗುಡೆ, ಕಾಣೆ ಒಂದಕ್ಕೆ ಇಷ್ಟು ಎಂದಿರುತ್ತದೆ, ಸಿಗಡಿ, ಬೊಂಡಾಸ್ ಪ್ಲೇಟಿಗೆ. ಪ್ಲೇಟಿನಲ್ಲಿ ಎಷ್ಟು ಎಂದು ಕೇಳುವುದು ಮರ್ಯಾದೆಗೆಟ್ಟ ಪ್ರಶ್ನೆಯೇನಲ್ಲ. ಇಡೀ ಮೀನಿನ ತೂಕದಲ್ಲಿ ತಲೆ, ಕರುಳು, ಮುಳ್ಳು ಹೋಗಿ ತಿನ್ನಲು ಸಿಗುವುದು ಸುಮಾರು ಅರ್ಧ. 150 ಗ್ರಾಮಿನ ಬಂಗುಡೆಯಲ್ಲಿ 70–80 ಗ್ರಾಂ ಮಾಂಸ. ಬರೀ ಫ್ರೈ ತಿನ್ನುವವರಿಗೆ ಎರಡು ಬಂಗುಡೆ, ಕುಚ್ಚಲಕ್ಕಿ ಅನ್ನ, ಸಾರಿನ ಜೊತೆಗಾದರೆ ಒಂದು ಸಾಕು.

ನಾಲ್ಕು ಜನ ಹೋದರೆ ಎಲ್ಲರೂ ಒಂದೇ ಮೀನು ಹೇಳಬೇಡಿ, ಎಲ್ಲವನ್ನೂ ಒಟ್ಟಿಗೂ ಹೇಳಬೇಡಿ. ಮೊದಲು ರವೆಯಲ್ಲಿ ಎರಡು ಕಾಣೆ ಅಥವಾ ಒಂದು ಪ್ಲೇಟ್ ಸಿಗಡಿ, ನಾಲಿಗೆ ಇನ್ನೂ ಖಾರಕ್ಕೆ ಮರಗಟ್ಟಿರದಾಗ. ಅದು ಮುಗಿಯುವಷ್ಟರಲ್ಲಿ ನಾಲ್ಕು ಬಂಗುಡೆ ತವಾ ಬರಲಿ. ಬೊಂಡಾಸ್ ಬೇಕಿದ್ದರೆ ಕಾವಲಿಯ ಎದುರೇ ನಿಂತು ಬಿಸಿಬಿಸಿ ತಿನ್ನಿ, ಮೇಜಿಗೆ ಬರುವಷ್ಟರಲ್ಲೇ ಗಟ್ಟಿಯಾಗುತ್ತದೆ. ಜೊತೆಗೆ ಐದಾರು ವರ್ಷದ ಮಕ್ಕಳಿದ್ದರೆ ಖಾರ ಕಡಿಮೆ ಹಾಕಿ ಎಂದು ಹೇಳಿ ಪ್ರಯೋಜನವಿಲ್ಲ, ಅರೆದಿಟ್ಟ ಮಸಾಲೆ ಎಲ್ಲರಿಗೂ ಒಂದೇ. ಬರೀ ಉಪ್ಪು, ಅರಿಶಿನ, ಲಿಂಬೆ ಹಚ್ಚಿ ರವೆಯಲ್ಲಿ ಹೊರಳಿಸಿ ಕೊಡಿ ಎನ್ನಿ, ಅಷ್ಟು ಮಾಡಿಕೊಡಲು ಯಾವ ಅಂಗಡಿಯವರಿಗೂ ಕಷ್ಟವಿಲ್ಲ. ಸಿಗಡಿ, ಏಡಿ ಆಗದವರು ಜೊತೆಯಲ್ಲಿದ್ದರೆ ಬಾಣಲೆಯ ಅಂಗಡಿ ಬೇಡವೇ ಬೇಡ, ಅಲ್ಲಿ ಎಲ್ಲವೂ ಒಂದೇ ಎಣ್ಣೆಯಲ್ಲಿ ಮುಳುಗಿ ಏಳುತ್ತವೆ.

ನೀರುಳ್ಳಿ ಹೆಚ್ಚಿಟ್ಟು ಎಷ್ಟು ಹೊತ್ತಾಯಿತು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಅಂಚು ಒಣಗಿ ಬಾಡಿದ ನೀರುಳ್ಳಿ, ಬಕೆಟ್ ನೀರಲ್ಲಿ ಅದ್ದಿ ತೆಗೆದ ತಟ್ಟೆ, ಇವು ಮೀನಿಗಿಂತ ಹೆಚ್ಚಾಗಿ ಹೊಟ್ಟೆ ಕೆಡಿಸುತ್ತವೆ. ಬಾಳೆಲೆ ತುಂಡಿನಲ್ಲಿ ಕೊಡುವ ಅಂಗಡಿ ಸಿಕ್ಕರೆ ಒಳ್ಳೆಯದು. ಹಸಿ ಮೀನು ಮುಟ್ಟಿದ ಕೈಯಲ್ಲೇ ಲಿಂಬೆ ಹಿಂಡುತ್ತಿದ್ದರೆ ಲಿಂಬೆ ಹೋಳು ಬೇರೆ ಕೊಡಿ ಎಂದು ಹೇಳಿ.

ಪಾರ್ಸೆಲ್ ಒಯ್ಯುವುದಿದ್ದರೆ ತವಾ ಫ್ರೈಯನ್ನೇ ಆರಿಸಿ. ರವೆ ಅರ್ಧ ಗಂಟೆಯಲ್ಲಿ ಆವಿಗೆ ಮೆತ್ತಗಾಗುತ್ತದೆ, ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯಲ್ಲಂತೂ ಹತ್ತೇ ನಿಮಿಷ ಸಾಕು. ಬಾಳೆಲೆ, ಕಾಗದದಲ್ಲಿ ಸುತ್ತಿಸಿ, ಬಾಯಿ ಬಿಗಿಯಬೇಡಿ. ಎರಡು ಗಂಟೆಯೊಳಗೆ ತಿನ್ನುವಂತಿದ್ದರೆ ಮಾತ್ರ ಒಯ್ಯಿರಿ. ಮನೆಯಲ್ಲಿ ಬಿಸಿ ಮಾಡುವಾಗ ಮೈಕ್ರೋವೇವ್ ಬೇಡ, ವಾಸನೆಯೂ ಎದ್ದುಬರುತ್ತದೆ, ಮಾಂಸವೂ ನಾರಾಗುತ್ತದೆ. ಎಣ್ಣೆ ಹಾಕದ ಕಾವಲಿಯಲ್ಲಿ ಸಣ್ಣ ಉರಿಯಲ್ಲಿ ಬದಿಗೆ ಎರಡು ನಿಮಿಷ ಇಟ್ಟರೆ ಮಸಾಲೆ ಮತ್ತೆ ಒಣಗಿ ಕೂರುತ್ತದೆ. ಘಟ್ಟ ಹತ್ತುವ ರಾತ್ರಿ ಬಸ್ಸಿಗೆ ಒಯ್ಯುವುದಾದರೆ ಫ್ರೈ ಬಿಟ್ಟು ಮಾರುಕಟ್ಟೆಯಲ್ಲಿ ಹಸಿ ಬಂಗುಡೆ ಕೊಂಡು, ಕರುಳು ತೆಗೆಸಿ, ಮೀನಿನಷ್ಟೇ ತೂಕದ ಐಸಿನ ಜೊತೆ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಹಾಕಿಸಿಕೊಳ್ಳಿ. ಪೆಟ್ಟಿಗೆಗೆ ಸುತ್ತಲೂ ಟೇಪ್ ಬಿಗಿಯಾಗಿರಲಿ, ಐಸ್ ನೀರು ಸೋರಿದರೆ ಕಂಡಕ್ಟರ್ ಮುಂದಿನ ಸ್ಟಾಪಿನಲ್ಲೇ ಇಳಿಸುತ್ತಾನೆ.